ರಿಜೆಕ್ಟ್ ಆದ ಜಯಕ್ಕ

ಜಂಬ ಪಡುವವರಲ್ಲಿ ಎರಡು ಬಗೆ. ಬಾಯಿಬಿಟ್ಟು ಹೇಳಿಕೊಳ್ಳುವವರು ಒಂದು. "ಅಯ್ಯೋ, ನಮ್ಮದೇನು ಮಹಾ ಬಿಡಿ" ಎನ್ನುತ್ತಲೇ ಎದುರಿಗಿರುವವರ ಬಾಯಿಂದ ಹೊಗಳಿಕೆ ಹೊರಡಿಸುವವರು ಇನ್ನೊಂದು. ನಮ್ಮ ಮೈಸೂರಿನಲ್ಲಿ ಎರಡನೆಯವರೇ ಹೆಚ್ಚು. ನಾನು ಮಾತ್ರ ಮೊದಲನೆಯ ಗುಂಪಿಗೆ ಸೇರಿದವನು. ಆದ್ದರಿಂದ ಸುತ್ತಿ ಬಳಸದೆ ಹೇಳಿಬಿಡುತ್ತೇನೆ: ನಮ್ಮ ಮನೆಯ ಮುಂದೆ ಗೇಟಿಗೂ ಮೆಟ್ಟಿಲಿಗೂ ನಡುವೆ ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪಾತಿ ಇದೆ. ಅದರಲ್ಲಿ ಬೆಳೆಯುವ ಡೇಲಿಲಿಗಳಂಥ ಡೇಲಿಲಿಗಳು ವಿಜಯನಗರದ ಎರಡನೇ ಹಂತದಲ್ಲಿ ಬೇರೆಲ್ಲೂ ಇಲ್ಲ. ಒಂದನೇ ಹಂತದಲ್ಲೂ ಇಲ್ಲ. ವಾಕಿಂಗ್ ನೆಪದಲ್ಲಿ ಹೋಗಿ ಎಲ್ಲರ ಕಾಂಪೌಂಡಿನೊಳಗೆ ಇಣುಕಿ ಬಂದಿದ್ದೇನೆ. ಮೂರನೇ ಹಂತ ಸ್ವಲ್ಪ ದೊಡ್ಡದು, ಇನ್ನೂ ಪೂರ್ತಿ ನೋಡಿ ಮುಗಿದಿಲ್ಲ.

ಡೇಲಿಲಿ ಎಂದರೇನೆಂದು ಗೊತ್ತಿಲ್ಲದವರು ಸಂಕೋಚಪಡಬೇಕಿಲ್ಲ. ನಾಲ್ಕು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಎಳೆ ಜೋಳದ ಸಸಿಯ ಹಾಗೆ ಬಾಗಿದ ಉದ್ದನೆಯ ಎಲೆಗಳ ಗುಂಪು, ಅದರ ನಡುವಿನಿಂದ ನೆಟ್ಟಗೆ ಮೇಲೇಳುವ ಒಂದು ದಂಟು, ದಂಟಿನ ತುದಿಯಲ್ಲಿ ಹತ್ತು ಹದಿನೈದು ಮೊಗ್ಗು. ಹೂವು ಅಂಗೈಯಗಲ. ಆದರೆ ಬೆಳಗ್ಗೆ ಆರಕ್ಕೆ ಅರಳಿದ ಹೂವು ಸಂಜೆ ದೀಪ ಹಚ್ಚುವ ಹೊತ್ತಿಗೆ ಮುದುಡಿ ಮುಗಿಯಿತು. ಅದರ ಆಯುಸ್ಸು ಒಂದೇ ಹಗಲು. ಮಾರನೆಯ ದಿನ ಪಕ್ಕದ ಮೊಗ್ಗಿಗೆ ಮನಸ್ಸು ಬಂದರೆ ಅದು ಅರಳುತ್ತದೆ, ಬಾರದಿದ್ದರೆ ಗಿಡಕ್ಕೆ ಒಂದು ದಿನ ರಜೆ. ಈ ರಜೆಯ ವಿಷಯದಲ್ಲಿ ಅದು ಯಾರನ್ನೂ ಕೇಳುವುದಿಲ್ಲ. ಹುಣಸೂರು ರಸ್ತೆಯಲ್ಲಿ ಇಲವಾಲದ ಹತ್ತಿರದ ಒಂದು ನರ್ಸರಿಯಲ್ಲಿ ನಾನು ಮೊದಲ ಸಲ ಇದನ್ನು ನೋಡಿದ್ದು. ನಿವೃತ್ತನಾಗಿ ಎರಡು ತಿಂಗಳಾಗಿತ್ತು, ಮನೆಯಲ್ಲಿ ಎಲ್ಲಿ ಕೂತರೂ "ಸ್ವಲ್ಪ ಆಕಡೆ ಕೂತ್ಕೊಳ್ರೀ, ಗುಡಿಸ್ಬೇಕು" ಎನ್ನಿಸಿಕೊಳ್ಳುತ್ತಿದ್ದ ಕಾಲ. ಒಂದು ಹಳದಿ, ಒಂದು ಅಂಚಿಗೆ ನೆರಿಗೆ ಇದ್ದ ತಿಳಿಗುಲಾಬಿ, ಹೀಗೆ ಎರಡು ಗಿಡ ತಂದು ನೆಟ್ಟೆ.

ನನ್ನ ಹೆಂಡತಿ ಸುಶೀಲ ಅದೇ ಇಲವಾಲದವಳು, ಹೊಲ ಗದ್ದೆ ನೋಡಿ ಬೆಳೆದವಳು. ಗಿಡ ಎಂದರೆ ಅದರಿಂದ ಮನೆಗೆ ಏನಾದರೂ ಬರಬೇಕು ಎಂಬುದು ಅವಳ ಸಿದ್ಧಾಂತ. ಕರಿಬೇವು ಒಗ್ಗರಣೆಗೆ, ದೊಡ್ಡಪತ್ರೆ ಕೆಮ್ಮಿಗೆ, ದಾಸವಾಳ ದೇವರಿಗೆ, ಕನಕಾಂಬರ ತಲೆಗೆ. ಡೇಲಿಲಿಯನ್ನು ಅವಳು ಒಂದು ವಾರ ಸುಮ್ಮನೆ ನೋಡಿದಳು. ಆಮೇಲೆ ಕೇಳಿದಳು: "ಅಲ್ಲ ಕಣ್ರೀ, ಇದ್ನ ಮುಡಿಯಂಗಿಲ್ಲ, ವಾಸ್ನೆನೂ ಇಲ್ಲ. ದೇವ್ರಿಗೆ ಇಟ್ರೆ ಸಾಯಂಕಾಲಕ್ಕೆ ಒದ್ದೆ ಬಟ್ಟೆ ಆದಂಗಾಯ್ತದೆ. ಯಾವ ಭಾಗ್ಯಕ್ಕೆ ಬೆಳೀತೀರಿ?" ನೋಡುವುದಕ್ಕೆ ಎಂದೆ. "ನೋಡೋಕೆ ಟೀವಿ ಇಲ್ವಾ" ಎಂದು ಒಳಗೆ ಹೋದಳು. ಹಾಗೆಂದವಳು ಅಕ್ಕಿ ತೊಳೆದ ನೀರನ್ನು ಅವತ್ತಿನಿಂದ ಕರಿಬೇವಿಗೆ ಅರ್ಧ, ಡೇಲಿಲಿಗೆ ಅರ್ಧ ಹಾಕತೊಡಗಿದಳು. ನಾನು ನೋಡಿಯೂ ನೋಡದವನ ಹಾಗಿದ್ದೆ.

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ತಪಾಸಣೆಯ ಕೆಲಸ. ಯಂತ್ರದಿಂದ ಬರುವ ಬುಷ್ಷು, ಪಿನ್ನುಗಳನ್ನು ಗೇಜಿನಲ್ಲಿ ಇಟ್ಟು ಅಳತೆ ನೋಡುವುದು. ಸರಿಯಿದ್ದರೆ ಹಸಿರು ಟ್ರೇಗೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒಂದು ಬೊಟ್ಟು ಕೆಂಪು ಬಣ್ಣ ಇಟ್ಟು, ರಿಜಿಸ್ಟರಿನ ಷರಾ ಕಲಮಿನಲ್ಲಿ 'ರಿಜೆಕ್ಟ್' ಎಂದು ಬರೆದು, ಕೆಂಪು ಟ್ರೇಗೆ. ನನ್ನ ಹೆಸರು ಚಂದ್ರಶೇಖರ; ಮೆಷಿನ್ ಶಾಪಿನಲ್ಲಿ ಎಲ್ಲರೂ 'ರಿಜೆಕ್ಟ್ ಚಂದ್ರು' ಎನ್ನುತ್ತಿದ್ದರು. ಶಿಫ್ಟಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸಾಮಾನ್ಯವಾಗಿ ಖಾಲಿಯೇ ಇರುತ್ತಿತ್ತು. ಮೇಲಧಿಕಾರಿಗಳು ಹೇಳಿದರು, ಸ್ನೇಹಿತರು ಕೈ ಹಿಡಿದು ಕೇಳಿಕೊಂಡರು, ಒಂದು ಕೆಟ್ಟ ಮಾಲನ್ನೂ ನಾನು ಪಾಸ್ ಮಾಡಲಿಲ್ಲ. ಈ ಗುಣ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ ಎನ್ನುವುದೂ ನಿಜ. ಹೆಣ್ಣು ನೋಡಲು ಇಲವಾಲಕ್ಕೆ ಹೋಗಿದ್ದಾಗ ಕೇಸರಿಬಾತು ತಂದುಕೊಟ್ಟರು. ನನ್ನ ತಟ್ಟೆಯಲ್ಲಿ ಆರು ದ್ರಾಕ್ಷಿ, ಪಕ್ಕದವರ ತಟ್ಟೆಯಲ್ಲಿ ಎರಡು. ನಾನು ಅದನ್ನು ಎಲ್ಲರೆದುರು ಹೇಳಿಬಿಟ್ಟೆ. ಸುಶೀಲಳ ಸೋದರಮಾವ ಪುಟ್ಟಸ್ವಾಮಿ, ಹುರಿ ಮೀಸೆಯ ಭಾರಿ ಆಳು, ಕುರ್ಚಿಯಿಂದ ಅರ್ಧ ಎದ್ದರು. ಒಳಗಿನಿಂದ ಯಾರೋ ನಕ್ಕ ಸದ್ದು ಕೇಳಿಸಿತು, ಮಾವ ಕೂತರು. ನಕ್ಕವಳು ಸುಶೀಲ ಎಂದು ಆಮೇಲೆ ತಿಳಿಯಿತು. ಅಂದು ಯಾರು ಯಾರನ್ನು ಪಾಸ್ ಮಾಡಿದರು ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಇಂಥವನ ಕೈಗೆ ಡೇಲಿಲಿ ಸಿಕ್ಕಿತು. ಈ ಗಿಡದ ಹುಚ್ಚಿಗೆ ಬಿದ್ದವರು ಹೂವು ನೋಡಿ ಸುಮ್ಮನಾಗುವುದಿಲ್ಲ. ಒಂದರ ಪರಾಗ ಇನ್ನೊಂದಕ್ಕೆ ಮುಟ್ಟಿಸಿ ಹೊಸ ತಳಿ ಎಬ್ಬಿಸುತ್ತಾರೆ. ನಾನೂ ಒಂದು ಬೆಳಗ್ಗೆ ಏಳು ಗಂಟೆಗೆ ಚಿಮಟ ಹಿಡಿದು ಹೊರಟೆ. ತಿಳಿಗುಲಾಬಿ ಡೇಲಿಲಿಯ ಒಂದು ಕೇಸರ ಕಿತ್ತು, ಹಳದಿ ಹೂವಿನ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ಎಳೆಯ ತುದಿಗೆ ಮೆಲ್ಲಗೆ ಒರೆಸಿ, ಗುರುತಿಗೆ ದಾರ ಕಟ್ಟಿದೆ. ಹಾಲು ತರಲು ಹೊರಟಿದ್ದ ಸುಶೀಲ "ಮದ್ವೆ ಬ್ರೋಕರ್ ಕೆಲ್ಸ ಬ್ಯಾರೆ ಸುರು ಆಯ್ತಾ" ಎಂದಳು. ಮೊದಲ ಐದು ಸಂಬಂಧ ಕೂಡಿಬರಲಿಲ್ಲ. ಒಂದು ಮಳೆಗೆ ಹೋಯಿತು, ಇನ್ನೊಂದನ್ನು ಅಳಿಲು ಮುರಿಯಿತು, ಉಳಿದವು ಯಾಕೆ ಕೂಡಿಬರಲಿಲ್ಲವೋ ಅವಕ್ಕೇ ಗೊತ್ತು. ಆರನೆಯದು ಕಾಯಿ ಕಟ್ಟಿತು. ಕಾಯಿ ಒಣಗಿ ಬಿರಿದಾಗ ಒಳಗೆ ಸಾಬೂದಾನಿಗಿಂತ ತುಸು ದೊಡ್ಡ, ಮಿರಿಮಿರಿ ಕಪ್ಪನೆಯ ಬೀಜಗಳು. ಅವನ್ನು ಅಂಗೈಯಲ್ಲಿ ಹಿಡಿದು ನಾನು ರಸ್ತೆಯವರೆಗೆ ಹೋಗಿ ಬಂದೆ. ಯಾರಾದರೂ ಏನದು ಎಂದು ಕೇಳಲಿ ಎಂದೇ ಹೋದದ್ದು. ಯಾರೂ ಕೇಳಲಿಲ್ಲ.

ಬಿತ್ತಿದ್ದರಲ್ಲಿ ಉಳಿದದ್ದು ಒಂಬತ್ತು ಸಸಿ. ಮೊಸರಿನ ಡಬ್ಬಿಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಒಂದರಿಂದ ಒಂಬತ್ತರವರೆಗೆ ನಂಬರು ಬರೆದು, ಒಂದೊಂದು ಸಸಿಯ ಬುಡಕ್ಕೆ ಒಂದೊಂದು ಚುಚ್ಚಿದೆ. ಆ ವ್ಯವಸ್ಥೆ ಹಾಗೇ ಉಳಿದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಒಂದು ಸಲ ಸ್ನೇಹಿತನ ಮಗಳ ಮದುವೆಗೆಂದು ನಾನು ಮೂರು ದಿನ ಹಾಸನಕ್ಕೆ ಹೋದೆ. ಅಲ್ಲಿಂದ ಫೋನ್ ಮಾಡಿ, "ನಾಲ್ಕಕ್ಕೆ ನೀರು ಕಡಿಮೆ ಹಾಕು, ಏಳಕ್ಕೆ ಜಾಸ್ತಿ, ಎರಡಕ್ಕೆ ಬೇವಿನಹಿಂಡಿ" ಎಂದೆ. ಬಿಸಿಲಿಗೆ ನಂಬರುಗಳೆಲ್ಲ ಮಾಸಿದ್ದವು. "ನಂಬರ್ ಹಾಕಿ ಕರೆಯಾಕೆ ಇದೇನು ಜೈಲಾ? ಬುಡಿ, ನಾನ್ ನೋಡ್ಕೋತೀನಿ" ಎಂದು ಸುಶೀಲ ಫೋನ್ ಇಟ್ಟಳು. ನಾನು ವಾಪಸು ಬಂದು ನೋಡಿದರೆ ಪಟ್ಟಿಗಳ ಮೇಲೆಲ್ಲ ಉಗುರಿನ ಬಣ್ಣದಲ್ಲಿ ಹೆಸರುಗಳು. ಉಗುರಿನ ಬಣ್ಣ ಮಳೆಗೂ ಬಿಸಿಲಿಗೂ ಹೋಗುವುದಿಲ್ಲ ಎಂದು ನನಗೆ ಅವತ್ತು ತಿಳಿಯಿತು. ಒಂಬತ್ತರಲ್ಲಿ ಎಂಟು ಹೆಸರು ಅವಳ ತವರಿನವರದು: ಪುಟ್ಟಸ್ವಾಮಿ ಮಾವ, ಅವಳ ತಾಯಿ, ಇಬ್ಬರು ತಂಗಿಯರು, ಹೀಗೆ. ನನ್ನ ಕಡೆಯಿಂದ ಒಂದೇ ಒಂದು, ನನ್ನ ಅಕ್ಕ ಜಯಕ್ಕ. ಅದೂ ಮೂಲೆಯಲ್ಲಿದ್ದ ಅತಿ ಸಣ್ಣ ಸಸಿಗೆ. ಯಾಕೆ ಹೀಗೆ ಎಂದರೆ, "ನಿಮ್ ಕಡೆ ಜನ ಕಮ್ಮಿ ಅಲ್ವಾ" ಎಂದಳು.

ಜಯಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಾವು ಹುಟ್ಟಿ ಬೆಳೆದ ನಜರ್‌ಬಾದಿನ ಓಣಿಯಲ್ಲೇ ಅವಳಿಗೆ ಗಂಡು ಸಿಕ್ಕಿ, ಅಲ್ಲೇ ಸಂಸಾರ ಹೂಡಿ, ಅಲ್ಲೇ ಹತ್ತಿರದ ಶಾಲೆಯಲ್ಲಿ ಒಂದನೇ ತರಗತಿಯ ಟೀಚರಾಗಿ ನಿವೃತ್ತಳಾದವಳು. ಅಮ್ಮ ಮನೆಯಲ್ಲಿ ಅಗರಬತ್ತಿ ಹೊಸೆಯುತ್ತಿದ್ದಳು, ಬೆಳಗಿನಿಂದ ಕತ್ತಲಾಗುವವರೆಗೆ ಅವಳ ಕೈ ಬಿಡುವಾಗುತ್ತಿರಲಿಲ್ಲ. ಹಾಗಾಗಿ ನನ್ನನ್ನು ಎತ್ತಿ ಆಡಿಸಿದ್ದು, ಸ್ನಾನ ಮಾಡಿಸಿದ್ದು, ಶಾಲೆಗೆ ಕಿವಿ ಹಿಡಿದು ಎಳೆದುಕೊಂಡು ಹೋದದ್ದು ಎಲ್ಲ ಜಯಕ್ಕನೇ. ಇಂದಿಗೂ ಅವಳು ಬರುತ್ತಾಳೆಂದರೆ ನಾನು ಕೂದಲು ಬಾಚಿಕೊಳ್ಳುತ್ತೇನೆ.

ಬಿತ್ತಿ ಎರಡು ವರ್ಷ ತುಂಬುವ ಹೊತ್ತಿಗೆ, ಒಂದು ಏಪ್ರಿಲ್‌ನಲ್ಲಿ, ಹೂವುಗಳು ಸುರುವಾದವು. ಆ ಬೇಸಿಗೆಯ ಬಗ್ಗೆ ನಾನು ಎಷ್ಟು ಹೇಳಿದರೂ ಸಾಲದು. ಬೆಳಗ್ಗೆ ಐದೂವರೆಗೆ ಎದ್ದು ಟಾರ್ಚು ಹಿಡಿದು ಬಾಗಿಲು ತೆಗೆಯುತ್ತಿದ್ದೆ. ಪ್ರಪಂಚದಲ್ಲಿ ಅದುವರೆಗೆ ಯಾರೂ ಕಾಣದಿದ್ದ ಒಂದು ಹೂವು ನಮ್ಮ ಮನೆಯ ಮೆಟ್ಟಿಲ ಪಕ್ಕ ಬಿರಿಯುತ್ತಿದೆ, ಅದನ್ನು ಮೊದಲು ನೋಡುತ್ತಿರುವವನು ನಾನು, ಅದನ್ನು ಮಾಡಿದವನೂ ನಾನು. ಬೇರೆಯವರು ಮಾಡಿದ ಮಾಲನ್ನು ಅಳೆದು ಅಳೆದು ಕಳೆದ ಮೂವತ್ತೊಂದು ವರ್ಷಗಳಲ್ಲಿ ಈ ಸುಖ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ. ಸುಶೀಲಳ ತಾಯಿಯದು ಬೆಣ್ಣೆಯ ಬಣ್ಣ. ತಂಗಿಯರದು ಏಪ್ರಿಕಾಟ್ ಎನ್ನುತ್ತಾರಲ್ಲ, ಆ ತಿಳಿಕಿತ್ತಳೆ ಬಣ್ಣ. ಎಲ್ಲಕ್ಕಿಂತ ಮೇಲು ಪುಟ್ಟಸ್ವಾಮಿ ಮಾವನದು. ಎಳೆಗುಲಾಬಿ, ಅಂಚಿಗೆಲ್ಲ ಲಂಗಕ್ಕೆ ಲೇಸು ಹೊಲಿದ ಹಾಗೆ ನೆರಿಗೆ, ಗಂಟಲಲ್ಲಿ ಒಂದಿಷ್ಟು ಹಸಿರು. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿದ ಒಂದು ಗಂಟೆಯೊಳಗೆ ಮಾವ ಬೈಕಿನಲ್ಲಿ ಬಂದು ಇಳಿದರು. ಮೀಸೆಯನ್ನು ಹೂವಿನ ಹತ್ತಿರ ಒಯ್ದು ಐದು ನಿಮಿಷ ನೋಡಿ, "ನನ್ನಂಗೇ ಅದೆ" ಎಂದರು. ನಾನು ಅಲ್ಲವೆನ್ನಲಿಲ್ಲ. ಉಳಿದ ನೆಂಟರು ಪುರುಸೊತ್ತು ಮಾಡಿಕೊಂಡು ಮಾರನೆಯ ದಿನವೋ ಅದರ ಮಾರನೆಯ ದಿನವೋ ಬಂದು, ಮುದುಡಿದ್ದನ್ನು ನೋಡಿ, "ನೀರು ಹಾಕ್ಲಿಲ್ವಾ ಪಾಪ" ಎಂದು ನನ್ನನ್ನೇ ಬೈದು ಹೋದರು.

ಮನೆಯಲ್ಲಿ ಉಳಿದಿದ್ದ ಕಾರ್ಖಾನೆಯ ಮಾದರಿಯ ಒಂದು ಖಾಲಿ ರಿಜಿಸ್ಟರ್ ತೆಗೆದು ಕಲಮುಗಳನ್ನು ಎಳೆದೆ. ಹೆಸರು, ಬಣ್ಣ, ದಂಟಿನ ಎತ್ತರ, ಅರಳುವ ಸಮಯ, ಮೊಗ್ಗು, ಷರಾ. ತಳಿ ಎಬ್ಬಿಸುವವರ ನಿಯಮ ಬಹಳ ಕಟ್ಟುನಿಟ್ಟು: ಒಳ್ಳೆಯದನ್ನು ಇಟ್ಟುಕೋ, ಉಳಿದದ್ದನ್ನು ಕಿತ್ತು ಗೊಬ್ಬರದ ಡ್ರಮ್ಮಿಗೆ ಹಾಕು. ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಜಾಗ ಸಾಲುವುದಿಲ್ಲ. ಹೇಳಿ ಮಾಡಿಸಿದ ಹಾಗೆ ನನ್ನದೇ ಕೆಲಸ. ಎಂಟು ಗಿಡ ಒಂದೊಂದಾಗಿ ಪಾಸಾದವು. ಇದರಲ್ಲಿ ತವರಿನವರಿಗೆ ಹೆದರಿ ಮಾಡಿದ್ದೇನೂ ಇಲ್ಲ, ನಿಜವಾಗಿಯೂ ಚೆನ್ನಾಗಿದ್ದವು. ಕೊನೆಗೆ ಮೇ ತಿಂಗಳ ನಡುವಿನಲ್ಲಿ ಮೂಲೆಯಲ್ಲಿದ್ದ ಜಯಕ್ಕನ ಗಿಡ ಹೂವು ಬಿಟ್ಟಿತು. ಬಿಟ್ಟದ್ದು ಗೊತ್ತಾಗಲೂ ಇಲ್ಲ. ಎಲೆ ಸರಿಸಿ ಕಳೆ ಕೀಳುವಾಗ ಕೈಗೆ ಏನೋ ತಗುಲಿತು, ನೋಡಿದರೆ ಹೂವು. ಮೂರು ದಿನ ಕಾದು ನೋಡಿ, ನಾಲ್ಕನೆಯ ದಿನ ಬರೆದೆ: "ಜಯ. ಬಣ್ಣ: ಹಳೇ ಹುಣಸೆಹಣ್ಣು. ದಂಟು: ಗಿಡ್ಡ, ಹೂವು ಎಲೆಯ ಕೆಳಗೆ. ಅರಳುವ ಸಮಯ: ಎಂಟೂವರೆಯಾದರೂ ಅರೆಬರೆ. ಮೊಗ್ಗು: ಲೆಕ್ಕವಿಲ್ಲದಷ್ಟು. ಷರಾ: ರಿಜೆಕ್ಟ್. ಭಾನುವಾರದೊಳಗೆ ಕೀಳುವುದು."

ಭಾನುವಾರ ಎಂದು ಬರೆದದ್ದಕ್ಕೆ ಕಾರಣವಿತ್ತು. ನಮ್ಮ ಬಡಾವಣೆಯಲ್ಲಿ ತೋಟದ ಹುಚ್ಚಿನ, ನನ್ನನ್ನೂ ಸೇರಿಸಿ ಹದಿಮೂರು ಜನರ ಒಂದು ಗುಂಪಿದೆ. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಗೆ ಎಲ್ಲರೂ ಹೋಗಿ ತೋಟ ನೋಡಿ, ತಿಂಡಿ ತಿಂದು ಬರುವುದು ಪದ್ಧತಿ. ಆ ತಿಂಗಳು ನಮ್ಮ ಮನೆ. ಗುಂಪಿನ ಮುಖ್ಯಸ್ಥೆ ವಿಮಲಾ ಮೇಡಂ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದವರು. ಅವರ ಬಾಯಲ್ಲಿ ಅತಿ ದೊಡ್ಡ ಹೊಗಳಿಕೆ ಎಂದರೆ 'ಪರವಾಗಿಲ್ಲ'. 'ಚೆನ್ನಾಗಿದೆ' ಎಂಬ ಮಾತು ಅವರ ಬಾಯಿಂದ ಯಾರಿಗೂ ಬಂದದ್ದಿಲ್ಲ, ಅದನ್ನು ನಾನು ಬರಿಸುತ್ತೇನೆ ಎಂಬ ಛಲ ನನಗೆ. ಅವರ ಕಣ್ಣಿಗೆ ಹುಣಸೆಹಣ್ಣಿನ ಬಣ್ಣದ ಹೂವು ಬೀಳಬಾರದು. ಶನಿವಾರ ಸಂಜೆ ಗುದ್ದಲಿ ತೆಗೆದುಕೊಂಡು ಮೂಲೆಗೆ ಹೋದೆ. ಆಗ ಸುಶೀಲ ಕಿಟಕಿಯಿಂದ ಕೂಗಿದಳು: "ಅಂಗೇ, ಮರೆತಿದ್ದೆ. ನಾಳೆ ಅತ್ಗೆನೂ ಬರ್ತಾವ್ರೆ. ಅವ್ರ ಗಿಡ ಹೂ ಬುಟ್ಟದೆ ಅಂತ ಏಳ್ದೆ. ಬೋ ಖುಷಿಯಾದ್ರು."

ನಾನು ಗುದ್ದಲಿ ಹಿಡಿದು ನಿಂತೇ ಇದ್ದೆ. ಕಿತ್ತರೆ ಅಕ್ಕ ಬಂದು "ಎಲ್ಲೋ ನನ್ನ ಗಿಡ" ಎನ್ನುತ್ತಾಳೆ. ಬಿಟ್ಟರೆ, ಜೀವಮಾನದಲ್ಲಿ ಮೊದಲ ಸಲ ರಿಜೆಕ್ಟ್ ಆದ ಮಾಲನ್ನು ಪಾಸಾದ ಮಾಲಿನ ಜೊತೆಗೆ ಇಟ್ಟ ಹಾಗಾಗುತ್ತದೆ. ಎರಡೂ ನನ್ನ ಮನಸ್ಸಿಗೆ ಒಗ್ಗಲಿಲ್ಲ. ಕೊನೆಗೆ ಗಿಡ ಉಳಿಯಿತು. ಹೇಗೂ ಅದರ ಹೂವು ಎಲೆಯ ಕೆಳಗೇ ಅವಿತಿರುತ್ತದೆ, ಮಿಕ್ಕ ಎಂಟು ಗಿಡಗಳ ವೈಭವದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಶನಿವಾರ ಬೆಳಗ್ಗೆ ತಾನೇ ಎಂಟು ಗಿಡಗಳಲ್ಲಿ ಇಪ್ಪತ್ಮೂರು ಹೂವು ಎಣಿಸಿದ್ದೆ.

ಭಾನುವಾರ ಬೆಳಗ್ಗೆ ಬಾಗಿಲು ತೆಗೆದರೆ ಒಂದೂ ಇಲ್ಲ. ಎಂಟು ಗಿಡಗಳೂ ಒಟ್ಟಿಗೆ ಮಾತಾಡಿಕೊಂಡ ಹಾಗೆ ರಜೆ ಹಾಕಿದ್ದವು. ಪುಟ್ಟಸ್ವಾಮಿ ಮಾವನ ದಂಟಿನಲ್ಲಿ ನಿನ್ನೆಯ ಹೂವುಗಳು ಮುದ್ದೆಯಾಗಿ ಜೋಲುತ್ತಿದ್ದವು. ನಾಳೆಯ ಮೊಗ್ಗುಗಳು ತುಟಿ ಬಿಗಿದು ನಿಂತಿದ್ದವು. ಬೆರಳಿನಿಂದ ಒಂದು ಮೊಗ್ಗನ್ನು ಬಿಡಿಸಲು ನೋಡಿದೆ, ಅದು ಕಿತ್ತೇ ಬಂತು. ಒಂಬತ್ತು ಗಂಟೆಗೆ ಗುಂಪು ಬಂತು. ಹನ್ನೆರಡು ಜನ ನಮ್ಮ ಹನ್ನೆರಡು ಅಡಿ ಪಾತಿಯ ಮುಂದೆ ಸಾಲಾಗಿ ನಿಂತು ಹುಲ್ಲು ನೋಡಿದರು. "ನಿನ್ನೆ ಬರಬೇಕಾಗಿತ್ತು ನೀವು" ಎಂದು ನಾನು ಒಂದೊಂದು ಗಿಡಕ್ಕೂ ಒಂದೊಂದು ಸಲ ಹೇಳಿದೆ. ಫೋನಿನಲ್ಲಿ ಫೋಟೊ ತೋರಿಸಹೋದೆ. "ಫೋಟೊ ಎಲ್ಲರ ಹತ್ತಿರಾನೂ ಇರುತ್ತೆ, ಚಂದ್ರಶೇಖರ್" ಎಂದರು ವಿಮಲಾ ಮೇಡಂ.

ಅಷ್ಟರಲ್ಲಿ ಆಟೊ ನಿಂತು ಜಯಕ್ಕ ಇಳಿದಳು. ಕಂದು ಗೊಬ್ಬಳಿ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಮದುವೆ ಮುಂಜಿಗೆ ಮಾತ್ರ ಉಡುವಂಥದ್ದು. ಬಂದವಳೇ "ಎಲ್ಲೋ ನನ್ನ ಗಿಡ?" ಎಂದಳು. ನಾನು ಮೂಲೆಯ ಕಡೆ ಕೈ ತೋರಿಸಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು ಎಲೆ ಸರಿಸಿದಳು. ಒಳಗೆ ನಾಲ್ಕು ಹೂವು ಅರೆಬರೆ ಕಣ್ಣು ಬಿಟ್ಟುಕೊಂಡು ಕೂತಿದ್ದವು. "ಅಯ್ಯೋ, ನೋಡ್ರೀ ಇಲ್ಲಿ, ನಾಲ್ಕಿದೆ!" ಎಂದು ಅವಳು ಗುಂಪಿನವರನ್ನೆಲ್ಲ ಕರೆದಳು. "ನನ್ನ ಗಿಡ ಕಣ್ರೀ ಇದು. ನಮ್ಮ ಚಂದ್ರುನೇ ಮಾಡಿದ್ದು. ನನ್ನ ಹೆಸರೇ ಇಟ್ಟಿದಾನೆ." ಅವಳ ಮುಖ ನೋಡಿ ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಹೆಸರಿಟ್ಟವನು ನಾನಲ್ಲ, ಮಾಡಿದ್ದನ್ನು ಕೀಳಲು ಹೊರಟವನು ನಾನು.

ತಿಂಡಿಗೆ ಎಲ್ಲರೂ ಒಳಗೆ ಬಂದರು. ಹೂವು ಕೈಕೊಟ್ಟರೂ ದಾಖಲೆಯಾದರೂ ಇದೆಯಲ್ಲ ಎಂದು ನಾನೇ, ಬೇರೆ ಯಾರೂ ಅಲ್ಲ, ನನ್ನ ಕೈಯಾರೆ ರಿಜಿಸ್ಟರ್ ತಂದು ವಿಮಲಾ ಮೇಡಂ ಮುಂದೆ ಇಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದತೊಡಗಿದರು. ಎಂಟು ಹೆಸರು ಸುಖವಾಗಿ ದಾಟಿದವು. ಒಂಬತ್ತನೆಯದು ಬರುವ ಮೊದಲು ನಾನು "ಮೇಡಂ, ಇನ್ನೊಂದು ಚೂರು ಖಾರಾಬಾತ್" ಎಂದೆ. ಅವರು ಕೈ ಅಡ್ಡ ಮಾಡಿ, "ಜಯ" ಎಂದು ಓದಿದರು. ಹಳೇ ಹುಣಸೆಹಣ್ಣನ್ನು ಓದಿದರು, ಗಿಡ್ಡ ಎಂಬುದನ್ನು ಓದಿದರು, "ಷರಾ: ರಿಜೆಕ್ಟ್, ಭಾನುವಾರದೊಳಗೆ ಕೀಳುವುದು" ಎಂಬಲ್ಲಿಗೆ ನಿಲ್ಲಿಸಿ, "ಇವತ್ತೇ ಭಾನುವಾರ ಅಲ್ವೇ?" ಎಂದು ಕೇಳಿದರು.

ಅಕ್ಕ ತಟ್ಟೆಯಲ್ಲಿದ್ದ ಖಾರಾಬಾತನ್ನು ಒಂದು ಚೂರೂ ಬಿಡದೆ ತಿಂದಳು. ಕೈತೊಳೆದು ಬಂದು, ಒಂದನೇ ತರಗತಿಯ ಹುಡುಗನಿಗೆ ಹೇಳುವ ದನಿಯಲ್ಲಿ, "ಚಂದ್ರು, ಗುದ್ದಲಿ ತಗೊಂಡ್ ಬಾ" ಎಂದಳು. "ನಿನ್ನ ಕೆಲ್ಸ ನೀನು ಮಾಡಿದೀಯ ಕಣೋ, ತಪ್ಪೇನಿಲ್ಲ. ನಿನ್ನ ಪಾತೀಲಿ ಜಾಗ ಇಲ್ಲ, ನನ್ನ ಮನೇಲಿ ಇದೆ. ಬೇರು ಹರೀದಂಗೆ ತೆಗಿ" ಎಂದಳು. ಹನ್ನೆರಡು ಜನರ ಮುಂದೆ ನಾನು ಅಗೆದೆ. ಸುಶೀಲ ಬಟ್ಟೆ ಅಂಗಡಿಯ ಒಂದು ದೊಡ್ಡ ಕೈಚೀಲ ತಂದುಕೊಟ್ಟಳು, ನನ್ನ ಮುಖ ಮಾತ್ರ ನೋಡಲಿಲ್ಲ. ಆಟೊದ ಪಕ್ಕದಿಂದ ಎಲೆಗಳು ಹೊರಗೆ ಅಲ್ಲಾಡುತ್ತ ಹೋದವು. ಹೊರಡುವಾಗ ವಿಮಲಾ ಮೇಡಂ ನನ್ನನ್ನು ಕರೆದು ಹೇಳಿದರು: "ತೋಟ ಪರವಾಗಿಲ್ಲ. ರಿಜಿಸ್ಟರ್ ಚೆನ್ನಾಗಿದೆ."

ಮೂಲೆಯ ಜಾಗ ಖಾಲಿಯಾಯಿತು. ಎರಡನೇ ಸಲದ ಬೀಜದಿಂದ ಎದ್ದು ಜಾಗಕ್ಕೆ ಕಾದು ಕೂತಿದ್ದ ಹೊಸ ಸಸಿಯನ್ನು ಅಲ್ಲಿ ನೆಟ್ಟೆ. ಈಗ ಪಾತಿಯಲ್ಲಿ ರಿಜೆಕ್ಟ್ ಆದ ಮಾಲು ಒಂದೂ ಇರಲಿಲ್ಲ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಜಯಕ್ಕ ಮಾತು ಬಿಟ್ಟಿದ್ದರೆ ಸಲೀಸಾಗಿತ್ತು, ಹೋಗಿ ಕ್ಷಮೆ ಕೇಳಬಹುದಿತ್ತು. ಅವಳು ಎಂದಿನಂತೆ ಫೋನ್ ಮಾಡಿದಳು, ಹಬ್ಬಕ್ಕೆ ಕರೆದಳು, ಒಬ್ಬಟ್ಟು ಕಟ್ಟಿಕೊಟ್ಟಳು. ಗಿಡದ ಸುದ್ದಿ ಒಂದನ್ನೂ ಎತ್ತಲಿಲ್ಲ. ಹಬ್ಬಕ್ಕೆ ಹೋದಾಗ ಅದು ಅವಳ ಹಿತ್ತಿಲಲ್ಲಿ ಇತ್ತೋ ಏನೋ, ನಾನು ಆ ಕಡೆ ಹಾಯಲಿಲ್ಲ. ಸತ್ತಿದ್ದರೆ ನನ್ನ ತಪ್ಪು, ಬದುಕಿದ್ದರೆ ಇನ್ನೂ ದೊಡ್ಡ ತಪ್ಪು. ಸುಶೀಲ ಒಂದೇ ಒಂದು ಸಲ, ಅದೂ ಬಟಾಣಿ ಬಿಡಿಸುತ್ತ, "ನನ್ ಕಡೆಯವ್ರ ಹೆಸ್ರಿಂದು ಒಂದೂ ಕಿತ್ತಿಲ್ಲ ನೀವು" ಎಂದಳು. ಅವು ಚೆನ್ನಾಗಿದ್ದವು ಎಂದು ನಾನು ಹೇಳಬಹುದಾಗಿತ್ತು. ಅದರ ಬದಲು ಅವಳ ಪಕ್ಕ ಕೂತು ಬಟಾಣಿ ಬಿಡಿಸತೊಡಗಿದೆ.

ಈ ವರ್ಷ ಮೇ ತಿಂಗಳಲ್ಲಿ ಪುಟ್ಟಸ್ವಾಮಿ ಮಾವ ಒಂದು ಬುಟ್ಟಿ ಮಾವಿನಹಣ್ಣು ಕಳಿಸಿದರು. ಅದರಲ್ಲಿ ಅರ್ಧವನ್ನು ಅಕ್ಕನಿಗೆ ಕೊಟ್ಟು ಬರಲು ಒಂದು ಬೆಳಗ್ಗೆ ನಜರ್‌ಬಾದಿಗೆ ಹೋದೆ. ಓಣಿಯ ಬಾಯಲ್ಲಿ ಹೊಸದಾಗಿ ಬಂದಿರುವ ಟೈಲರ್ ಶಫಿಯ ಅಂಗಡಿ ಇದೆ. ಅದರ ಮೆಟ್ಟಿಲ ಮೇಲೆ ಒಂದು ಹಳೆಯ ಪೇಂಟಿನ ಬಕೆಟ್ಟು, ಬಕೆಟ್ಟಿನ ತುಂಬ ಎಲೆ, ಎಲೆಯ ನಡುವೆ ಹಳೇ ಹುಣಸೆಹಣ್ಣಿನ ಬಣ್ಣದ ಐದು ಹೂವು. ನನಗೆ ಕಣ್ಣು ಮಂಜಾಯಿತೇ ಎಂದುಕೊಂಡೆ. ಪಕ್ಕದ ಮನೆಯ ಮುಂದೆ ಒಡೆದ ಪ್ಲಾಸ್ಟಿಕ್ ಟಬ್ಬಿನಲ್ಲಿ ಅದೇ ಗಿಡ. ಎದುರುಮನೆಯ ಕಿಟಕಿಯ ಕೆಳಗೆ ಅದೇ. ನಲ್ಲಿಕಟ್ಟೆಯ ಪಕ್ಕದ ಕೆಸರಿನಲ್ಲಿ ಅದೇ. ಎಣಿಸುವುದು ನನ್ನ ಹುಟ್ಟುಗುಣ, ಎಣಿಸಿದೆ. ಹನ್ನೊಂದು ಮನೆ, ಒಂದು ಅಂಗಡಿ, ಒಂದು ನಲ್ಲಿಕಟ್ಟೆ. ಎಲ್ಲ ಕಡೆಯೂ ಹೂವಿತ್ತು. ನಮ್ಮ ಪಾತಿಯಲ್ಲಿ ಅಂದು ಪುಟ್ಟಸ್ವಾಮಿ ಮಾವ ರಜೆಯಲ್ಲಿದ್ದರು.

ನಾನು ಬಾಗಿ ನೋಡುತ್ತಿದ್ದುದನ್ನು ಕಂಡು ಶಫಿ ಟೇಪು ಕುತ್ತಿಗೆಗೆ ಹಾಕಿಕೊಂಡೇ ಹೊರಗೆ ಬಂದರು. "ನೋಡಿ ಸಾರ್, ನೋಡಿ. ಇವ್ನು ಚಂದ್ರು" ಎಂದರು. ನಾನು "ಯಾರು?" ಎಂದೆ. "ಈ ಗಿಡ ಸಾರ್. ನಮ್ ಓಣೀಲಿ ಎಲ್ರೂ ಚಂದ್ರು ಅಂತಾರೆ, ಟೀಚರಮ್ಮ ಇಟ್ಟಿರೋ ಹೆಸ್ರು. ಒಂದ್ ಬುಡ ಕೊಟ್ಟಿದ್ರು, ಈಗ ನೋಡಿ ಆರು ಆಗವ್ನೆ. ನೀರ್ ಹಾಕಿದ್ರೂ ಸೈ, ಮರ್ತ್ರೂ ಸೈ. ನೋಡಾಕೆ ಅಂಥ ಚೆಂದ ಏನಿಲ್ಲ ಬುಡಿ, ಬಣ್ಣ ಒಂಥರಾ. ಆದ್ರೆ ಒಂದ್ ದಿನಾನೂ ತಪ್ಪಿಸಲ್ಲ ಸಾರ್, ದಿನಾ ಬೆಳಗ್ಗೆ ನಾನ್ ಶಟ್ರು ಎತ್ತೋವಾಗ ಹೂವು ಇರ್ತದೆ. ನಿಮ್ ಹೆಸ್ರೇನು ಸಾರ್?" ನಾನು ಒಂದು ಕ್ಷಣ ಯೋಚಿಸಿ, "ಚಂದ್ರಶೇಖರ" ಎಂದೆ. ಶಫಿ ಗಿಡವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಟೇಪನ್ನು ಸರಿಮಾಡಿಕೊಂಡು ಒಳಗೆ ಹೋದರು.

ಜಯಕ್ಕ ಹಿತ್ತಿಲಲ್ಲಿ ಇದ್ದಳು. ಅಲ್ಲಿ ಮೂಲಗಿಡ, ಆಳೆತ್ತರದ ನೀರಿನ ಡ್ರಮ್ಮಿನ ಪಕ್ಕ, ನಾಲ್ಕು ಜನ ಕೂರುವಷ್ಟು ಜಾಗ ಹಿಡಿದು ಕೂತಿತ್ತು. ನಾನು ಹಣ್ಣಿನ ಚೀಲ ಕೆಳಗಿಡುವ ಮೊದಲೇ ಕೇಳಿದೆ: "ಏನಕ್ಕ ಇದು, ನನ್ನ ಹೆಸರು ಇಟ್ಟಿದೀಯಂತೆ?" ಅಕ್ಕ ಬಾಡಿದ ಹೂವುಗಳನ್ನು ಚಿವುಟುತ್ತಲೇ ಹೇಳಿದಳು: "ನನ್ನ ಹೆಸರು ಅದಕ್ಕೆ ಹೊಂದಲ್ಲ ಕಣೋ. ಎಂಟೂವರೆ ಆದ್ರೂ ಪೂರ್ತಿ ಕಣ್ಣು ಬಿಡಲ್ಲ. ಯಾರಾದ್ರೂ ಬಂದ್ರೆ ಎಲೆ ಕೆಳಗೆ ಹೋಗಿ ಅವಿತ್ಕೋತದೆ. ಬಣ್ಣನೂ ಅಷ್ಟಕ್ಕಷ್ಟೆ. ಎರಡು ವರ್ಷ ತುಂಬಿದ್ರೂ ನಡೀದೇ ಇದ್ದೋನು ನೀನು, ಯಾರು ಬಂದ್ರೂ ಅಮ್ಮನ ಸೆರಗಿನೊಳಗೆ ಸೇರ್ಕೋತಿದ್ದೆ. ನಿನ್ನನ್ನ ನಾವ್ಯಾರಾದ್ರೂ ಕಿತ್ತು ಹಾಕಿದ್ವೇನೋ?"

ನಾನು ನೀರಿನ ಡ್ರಮ್ಮನ್ನು ನೋಡುತ್ತ ನಿಂತೆ. ಮೂವತ್ತೊಂದು ವರ್ಷದಲ್ಲಿ ನನ್ನ ಗೇಜಿಗೆ ಸಿಗದಿದ್ದದ್ದು ಏನೇನಿತ್ತೋ ಎಂದು ಅನ್ನಿಸಿತು. ಕಣ್ಣಲ್ಲಿ ನೀರು ಬಂತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ, ಬಂದದ್ದು ನಿಜ. ಅಕ್ಕ ನೋಡಿದಳು, ನೋಡಿ ಮಾವಿನಹಣ್ಣಿನ ವಿಚಾರ ತೆಗೆದಳು. ಹಣ್ಣಿನ ಚೀಲ ಅವಳ ಕೈಗಿಟ್ಟು, "ನನಗೊಂದು ಬುಡ ಕೊಡಕ್ಕ. ಮೂಲೇಲಿ ಜಾಗ ಮಾಡಿ ಹಾಕ್ಕೋತೀನಿ" ಎಂದೆ. ಅವಳು ಕೊಡುತ್ತಾಳೆ ಎಂದು ಆಗಲೇ ಸುತ್ತ ಗುದ್ದಲಿ ಹುಡುಕತೊಡಗಿದ್ದೆ.

"ಕೊಡ್ತೀನಿ, ಆದ್ರೆ ಈಗಿಲ್ಲ" ಎಂದಳು ಅಕ್ಕ. "ಆರು ಜನ ಮೊದಲೇ ಹೇಳಿಟ್ಟಿದಾರೆ. ಹಿಂದಿನ ಬೀದಿಯೋರು, ಶಫಿ ಅಳಿಯ, ಎಲ್ರೂ. ಅವ್ರಿಗೆಲ್ಲ ಕೊಟ್ಟ ಮೇಲೆ ನೀನು." ನಾನು ಮಾಡಿದ ಗಿಡ, ನನ್ನ ಹೆಸರಿನ ಗಿಡ ಎಂದು ವಾದಿಸಿದೆ. ಟೀಚರ ಮುಂದೆ ವಾದ ನಡೆಯಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆ. ಗೇಟು ತೆಗೆಯುವಾಗಲೇ ನನ್ನ ನಡಿಗೆ ನೋಡಿ ಸುಶೀಲ ಕೇಳಿದಳು, "ಏನ್ರೀ, ಎದೆ ಇಷ್ಟ್ ಉಬ್ಬಿಸ್ಕೊಂಡ್ ಬತ್ತಾ ಇದೀರಿ? ಮೂರ್ನೇ ಹಂತನೂ ನೋಡಿ ಮುಗಿತಾ?"

"ನಜರ್‌ಬಾದಿನಲ್ಲಿ ಹದಿಮೂರು ಕಡೆ ನನ್ನ ಗಿಡ ಇದೆ" ಎಂದೆ. "ಇನ್ನೂ ಆರು ಜನ ಕಾಯ್ತಿದಾರೆ. ನಾನು ಏಳನೆಯವನು."

ನಿನ್ನೆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಐದನೆಯವನಾಗಿದ್ದೇನಂತೆ.